ತಿಂಡಿ ತಿನ್ನೋಕೆ ಹತ್ತು ನಿಮಿಷ

ಇವತ್ತು ಬ್ರೇಕಿಂಗ್ ನ್ಯೂಸ್ ಏನೂ ಇಲ್ಲ. ಒಂದು ಎಕ್ಸೆಲ್ ಶೀಟಿನ ಕಥೆ ಹೇಳ್ತೀನಿ. ನಾನು ಬೈಸಿಕೊಂಡ ಕಥೆ.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಓದಿದ್ದಕ್ಕೂ ಮಾಡ್ತಿರೋದಕ್ಕೂ ಏನಪ್ಪಾ ಸಂಬಂಧ ಅಂತ ನಮ್ಮಪ್ಪ ಈಗಲೂ ಕೇಳ್ತಾರೆ. ಸಂಬಂಧ ಇಲ್ಲ, ನಿಜ. ಆದರೆ ಒಂದು ಚಟ ಉಳಿದುಬಿಟ್ಟಿದೆ. ಏನೇ ಸಮಸ್ಯೆ ಬರಲಿ, ಮೊದಲು ಅದನ್ನ ಅಳೆದು ನೋಡೋದು. ಮೂರು ವರ್ಷದಿಂದ ನನ್ನ ಬಾಯಲ್ಲಿ ಒಂದೇ ಮಾತು: ಟೈಮೇ ಸಿಗ್ತಿಲ್ಲ. ಸರಿ, ಟೈಮು ಎಲ್ಲಿಗೆ ಹೋಗ್ತಿದೆ ಅಂತ ನೋಡೇಬಿಡೋಣ ಅಂದುಕೊಂಡು ಒಂದು ವಾರ ಕೂತು ಲೆಕ್ಕ ಬರೆದೆ.

ವಾರಕ್ಕೆ 168 ಗಂಟೆ. ಅಂಬಾನಿಗೂ ಅಷ್ಟೇ, ನಮ್ಮ ಆಫೀಸಿನ ಸೆಕ್ಯುರಿಟಿಗೂ ಅಷ್ಟೇ. ನನ್ನ ಲೆಕ್ಕ ಹೀಗಿತ್ತು. ಚಾನೆಲ್‌ನಲ್ಲಿ 62 ಗಂಟೆ. ಓಡಾಟಕ್ಕೆ 13, ಇದರಲ್ಲಿ ಸಿಲ್ಕ್ ಬೋರ್ಡ್ ಒಂದೇ ಎಷ್ಟು ತಿಂದಿತು ಅಂತ ಬರೆಯೋಕೆ ನನಗೆ ಧೈರ್ಯ ಬರಲಿಲ್ಲ. ನಿದ್ದೆ 47. ಫೋನ್ ನೋಡಿದ್ದು 19 ಗಂಟೆ. ಇದು ನಾನು ಹೇಳಿದ್ದಲ್ಲ, ಫೋನೇ ಕೊಟ್ಟ ಲೆಕ್ಕ. ಸುದ್ದಿಗೋಸ್ಕರ ನೋಡಿದ್ದು ಅಂತ ಹೇಳಿಕೊಳ್ಳಬಹುದಿತ್ತು. ಸುಳ್ಳು ಯಾಕೆ ಹೇಳಲಿ, ಯಾರೋ ಯಾರಿಗೋ ಬೈಯೋದನ್ನ ನೋಡ್ತಾ ಕೂತಿದ್ದೇ ಹೆಚ್ಚು. ಉಳಿದ 27 ಗಂಟೆ ಸ್ನಾನ, ಊಟ, ಮಗ, ಮನೆ ಎಲ್ಲಕ್ಕೂ ಸೇರಿ.

ಭಾನುವಾರ ರಾತ್ರಿ ಇದನ್ನ ಬಣ್ಣ ಬಣ್ಣದ ಚಾರ್ಟ್ ಮಾಡಿ ನನ್ನ ಹೆಂಡತಿಗೆ ತೋರಿಸಿದೆ. ಶಹಭಾಸ್ ಅಂತಾಳೆ ಅನ್ನೋ ಆಸೆ. ಅವಳು ಬ್ಯಾಂಕ್‌ನಲ್ಲಿರೋಳು, ಲೆಕ್ಕ ನೋಡೋದು ಅವಳ ಕೆಲಸ. ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ರೀ, ಇಲ್ಲಿ ತಿಂಡಿಗೆ ಹತ್ತು ನಿಮಿಷ ಅಂತ ಬರೆದಿದ್ದೀರಲ್ಲ. ಇದು ತಿನ್ನೋ ಟೈಮು. ಮಾಡೋ ಟೈಮು ಯಾರ ಶೀಟ್‌ನಲ್ಲಿದೆ?"

ಸ್ಟುಡಿಯೋದಲ್ಲಿ ಮಂತ್ರಿಗಳ ಬಾಯಿ ಮುಚ್ಚಿಸ್ತೀನಿ ಅನ್ನೋ ಹೆಸರು ನನಗಿದೆ. ಅವತ್ತು ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಅವಳು ಅಲ್ಲಿಗೇ ಬಿಡಲಿಲ್ಲ. ಇಸ್ತ್ರಿ ಶರ್ಟು ಕಪಾಟಿಗೆ ಹೇಗೆ ಬಂತು? ಮಗನ ಸ್ಕೂಲ್ ಡಬ್ಬಿ? ಗ್ಯಾಸ್ ಬುಕ್ ಮಾಡಿದ್ದು? ಅಮ್ಮನ ಬಿಪಿ ಮಾತ್ರೆ ಮುಗಿದಿದೆ ಅಂತ ನೆನಪಿಟ್ಟುಕೊಂಡಿದ್ದು? ನನ್ನ 168 ಗಂಟೆಯಲ್ಲಿ ಇದಕ್ಕೆಲ್ಲ ಒಂದು ಖಾನೆಯೂ ಇರಲಿಲ್ಲ. ನಾನು ಟೈಮ್ ಉಳಿಸಿಕೊಂಡಿದ್ದೀನಿ ಅಂದುಕೊಂಡಿದ್ದೆ. ಉಳಿಸಿಕೊಂಡಿರಲಿಲ್ಲ, ಅವಳಿಂದ ಕೈಸಾಲ ತಗೊಂಡಿದ್ದೆ. ವಾಪಸ್ ಕೊಡದ ಸಾಲ.

ಇದನ್ನ ಇಟ್ಟುಕೊಂಡು ಒಂದು ಹಳೇ ಚರ್ಚೆ ನೆನಪು ಮಾಡಿಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು, ದೇಶದ ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ 90 ಗಂಟೆ ಮಾತು ಹೊರಗೆ ಬಂತು. ಮನೆಯಲ್ಲಿ ಕೂತು ಹೆಂಡತಿ ಮುಖ ಎಷ್ಟು ಹೊತ್ತು ನೋಡ್ತೀರಿ ಅನ್ನೋ ಅರ್ಥದಲ್ಲಿ ಕೇಳಿದ್ದರು. ನಾವೂ ಚರ್ಚೆ ಮಾಡಿದೆವು. ನಾನೇ ನಡೆಸಿದ್ದು. ಐದು ಜನ ಅತಿಥಿಗಳು, ಐದೂ ಜನ ಗಂಡಸರು. ಚೀನಾ ಬಂತು, ಜಪಾನ್ ಬಂತು, ಜಿಡಿಪಿ ಬಂತು. ಮನೆಯಲ್ಲಿ ಅನ್ನಕ್ಕೆ ಇಡೋರು ಯಾರು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಲೆಕ್ಕ ಹಾಕೋಣ. 168ರಲ್ಲಿ ದಿನಕ್ಕೆ ಎಂಟರಂತೆ ನಿದ್ದೆ 56 ಗಂಟೆ ತೆಗೀರಿ. ಕೆಲಸದ 70 ತೆಗೀರಿ. ಆರು ದಿನ ಎರಡೆರಡು ಗಂಟೆ ಓಡಾಟ, 12. ಉಳಿಯೋದು 30 ಗಂಟೆ. ದಿನಕ್ಕೆ ನಾಲ್ಕು ಗಂಟೆ ಚಿಲ್ಲರೆ.

ಕೇಂದ್ರ ಸರ್ಕಾರದ ಸಾಂಖ್ಯಿಕ ಇಲಾಖೆ ಜನ ತಮ್ಮ ದಿನವನ್ನ ಹೇಗೆ ಕಳೀತಾರೆ ಅಂತ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದೆ. 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ. ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು 2024ರಲ್ಲಿ ದಿನಕ್ಕೆ ಅದಕ್ಕೆ ಕೊಟ್ಟಿದ್ದು ಸರಾಸರಿ 289 ನಿಮಿಷ. ಅಂದರೆ ಹೆಚ್ಚೂಕಡಿಮೆ ಐದು ಗಂಟೆ. ಮಕ್ಕಳನ್ನ, ವಯಸ್ಸಾದವರನ್ನ ನೋಡಿಕೊಳ್ಳೋದು ಇದರಲ್ಲಿ ಸೇರಿಲ್ಲ, ಅದು ಬೇರೆ. ಗಂಡಸರು? ಮನೆಗೆಲಸಕ್ಕೆ ಕೈಹಾಕೋ ಗಂಡಸರನ್ನ ಮಾತ್ರ ತಗೊಂಡರೂ 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳೀತು ಅಂತ ಖುಷಿಪಡೋಣ ಅಂದರೆ, ನಾವು ಗಂಡಸರೂ ಸುಮ್ಮನಿರದೆ ಒಂಬತ್ತು ನಿಮಿಷ ಕಡಿಮೆ ಮಾಡಿಕೊಂಡಿದ್ದೀವಿ.

ಗಮನಿಸಿ. 70 ಗಂಟೆ ದುಡಿಯೋನ ಹತ್ತಿರ ದಿನಕ್ಕೆ ಉಳಿಯೋದು ನಾಲ್ಕು ಗಂಟೆ ಚಿಲ್ಲರೆ. ಮನೆಗೆಲಸ ಕೇಳೋದು ಐದು ಗಂಟೆ. ಸ್ನಾನ, ಊಟ ಎಲ್ಲ ಬಿಟ್ಟರೂ ಲೆಕ್ಕ ಕೂರೋದಿಲ್ಲ. ಹಿಂದೆ ಇನ್ನೊಬ್ಬರು ನಿಂತಿದ್ದರೆ ಮಾತ್ರ ಆ 70 ಗಂಟೆ. ಆ ಇನ್ನೊಬ್ಬರಿಗೂ ನೌಕರಿ ಇದ್ದರೆ? ನನ್ನ ಹೆಂಡತಿ ಬೆಳಿಗ್ಗೆ ಐದಕ್ಕೆ ಏಳೋದು ಯಾಕೆ ಅಂತ ನನಗೆ ಅರ್ಥ ಆಗಿದ್ದು ಈ ಲೆಕ್ಕ ಮಾಡಿದ ಮೇಲೆ. ಮದುವೆಯಾಗಿ ಒಂಬತ್ತು ವರ್ಷ ಆಗಿದೆ!

ಈಗ ಬೆಳಗಿನ ತಿಂಡಿ, ಮಗನ ಡಬ್ಬಿ ನನ್ನದು. ಮೊದಲನೇ ದಿನ ಉಪ್ಪಿಟ್ಟು ಗಂಟುಗಂಟಾಯ್ತು, ಮಗ ಡಬ್ಬಿಯನ್ನ ಹಾಗೇ ವಾಪಸ್ ತಂದ. ಅವಳಿಗೆ 40 ನಿಮಿಷದ ಕೆಲಸ, ನನಗೆ ಒಂದೂಕಾಲು ಗಂಟೆ ಹಿಡಿಯುತ್ತೆ. ಆ ಟೈಮ್ ಎಲ್ಲಿಂದ ಬಂತು ಅಂದರೆ, ಫೋನಿನ 19ರಿಂದ. ಪೂರ್ತಿ ಅಲ್ಲ. ಈ ವಾರ ಫೋನ್ 12 ಅಂತ ತೋರಿಸ್ತಿದೆ. ಅವಳು ಈಗ ಆರಕ್ಕೆ ಏಳ್ತಾಳೆ. ಏನ್ ಮಾಡ್ತೀಯಾ ಆ ಒಂದು ಗಂಟೇಲಿ ಅಂತ ಕೇಳಿದೆ. "ಮಲಗ್ತೀನಿ" ಅಂದಳು.

ಇನ್ನೊಂದು ಮಾತು. ತಿಪಟೂರಿನಲ್ಲಿರೋ ನಮ್ಮಮ್ಮನಿಗೆ ದಿನಾ ಫೋನ್ ಮಾಡಿದಾಗ ಕೇಳ್ತಿದ್ದೆ, ಕಾರ್ಯಕ್ರಮ ಹೇಗಿತ್ತಮ್ಮಾ ಅಂತ. ಅವರು ಯಾವಾಗಲೂ ಒಂದೇ ಉತ್ತರ ಕೊಡೋರು: "ಕೇಳಿಸ್ತು ಕಣೋ." ಹಳ್ಳಿ ಮಾತು ಅಂದುಕೊಂಡು ಸುಮ್ಮನಾಗ್ತಿದ್ದೆ. ಮೊನ್ನೆ ಬಿಡಿಸಿ ಕೇಳಿದೆ. ರಾತ್ರಿ ಒಂಬತ್ತಕ್ಕೆ ಅಪ್ಪ ಟಿವಿ ಮುಂದೆ ಕೂತಿರ್ತಾರೆ, ಅಮ್ಮ ಒಳಗೆ ಪಾತ್ರೆ ತೊಳೀತಿರ್ತಾರೆ. ಇಷ್ಟು ವರ್ಷದಲ್ಲಿ ಮಗನ ಕಾರ್ಯಕ್ರಮವನ್ನ ಅವರು ಪೂರ್ತಿ ನೋಡಿಯೇ ಇಲ್ಲ. ಕೇಳಿಸಿಕೊಂಡಿದ್ದಾರೆ.

ಈಗ ಸಮಯ ಒಂಬತ್ತು ಇಪ್ಪತ್ತು. ನೀವು ಸೋಫಾ ಮೇಲೆ ಕೂತಿದ್ದೀರಿ. ನನ್ನ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡಿ. ಒಳಗಿನಿಂದ ನಲ್ಲಿ ಶಬ್ದ, ಪಾತ್ರೆ ಶಬ್ದ ಕೇಳಿಸ್ತಿದೆಯಾ?

ನಾಲ್ಕು ನಿಮಿಷದ ಬ್ರೇಕ್ ತಗೊಳ್ತೀನಿ. ಬ್ರೇಕ್ ಆದ ಮೇಲೂ ಅಂಥ ದೊಡ್ಡ ಸುದ್ದಿ ಏನಿಲ್ಲ. ನೀವು ನಿಧಾನಕ್ಕೆ ಬನ್ನಿ.