ಹೊಸ ಅಂಚುಪಾತಿಗೆ ಗಿಡಗಳ ಆಯ್ಕೆ

ಹಳ್ಳಿಯ ಕುಟೀರದ ಮುಂದಿನ ಹೂದೋಟವೆಂದರೆ ಇಂಗ್ಲೆಂಡಿನವರಿಗೆ ಬಹಳ ಅಭಿಮಾನ. ಬೇಲಿಯಿಂದ ಬಾಗಿಲವರೆಗೆ ಒಂದು ಕಿರುದಾರಿ. ಅದರ ಎರಡು ಪಕ್ಕಗಳಲ್ಲಿಯೂ ಒತ್ತೊತ್ತಾಗಿ ಬೆಳೆದ ಹೂವಿನ ಪಾತಿ. ಈ ಅಂಚುಪಾತಿಯನ್ನೇ ಅವರು ಬಾರ್ಡರ್ ಎನ್ನುವರು. ಯಾರೂ ನೆಡದೆ ತಾನಾಗಿ ಹುಟ್ಟಿಕೊಂಡಂತೆ ತೋರುವುದೇ ಅದರ ಚೆಲುವು. ಆದರೆ ಹೊಸದಾಗಿ ಮನೆ ಕಟ್ಟಿಸಿದವರು ಬೀಜದ ವ್ಯಾಪಾರಿಯ ಬಣ್ಣದ ಪಟ್ಟಿಯನ್ನು ತೆರೆದು, ಕಣ್ಣಿಗೆ ಹಿಡಿಸಿದ ಹೂಗಳನ್ನೆಲ್ಲ ಒಂದೊಂದಾಗಿ ತರಿಸಿ ನೆಟ್ಟರೆ ಆ ಚೆಲುವು ಬರುವುದಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ಹಣವೂ ಹೋಗಿ, ಬಲವಾದ ಎರಡು ಮೂರು ಜಾತಿಗಳು ಮಿಕ್ಕವನ್ನು ನುಂಗಿಬಿಟ್ಟಿರುವುವು.

ಇದಕ್ಕೆ ಕಾರಣವುಂಟು. ಹಳೆಯ ಕುಟೀರಗಳ ಬಡವರು ಗಿಡಗಳನ್ನು ಕೊಂಡುತಂದವರಲ್ಲ. ನೆರೆಯವರು ಕೊಟ್ಟ ಬೇರಿನ ತುಂಡು, ಅಡುಗೆಗೂ ಔಷಧಕ್ಕೂ ಬೇಕಾದ ಸೊಪ್ಪು, ತಾನೇ ಉದುರಿ ಮೊಳೆತ ಬೀಜ—ಇವೇ ಅವರ ಬಂಡವಾಳ. ಆ ಮಣ್ಣಿಗೆ ಒಗ್ಗದ ಗಿಡ ಅಜ್ಜನ ಕಾಲದಲ್ಲಿಯೇ ಸತ್ತುಹೋಗಿರುತ್ತಿತ್ತು. ಆಯ್ಕೆಯನ್ನು ಕಾಲವೇ ಮಾಡಿ ಮುಗಿಸಿರುತ್ತಿತ್ತು. ಹೊಸ ಪಾತಿಗೆ ಈ ಅನುಕೂಲವಿಲ್ಲವಾದ್ದರಿಂದ, ಹೂವಿನ ಮಾತಿಗಿಂತ ಮೊದಲು ಮಣ್ಣಿನ ಮಾತನ್ನು ಆಡಬೇಕಾಗಿದೆ. ಮಳೆ ನಿಂತ ಮೇಲೆ ನೀರು ಎಲ್ಲಿ ನಿಲ್ಲುವುದು, ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುವುದು ಎಂಬುದನ್ನು ನೋಡದೆ ಒಂದು ಸಸಿಯನ್ನೂ ಕೊಳ್ಳಲಾಗದು. ಲ್ಯಾವೆಂಡರಿಗೆ ಬಿಸಿಲೂ ಒಣಮಣ್ಣೂ ಬೇಕು. ಬಹುವಾರ್ಷಿಕ ಫ್ಲಾಕ್ಸಿಗೆ ತಂಪು ಬೇಕು. ಇವೆರಡನ್ನೂ ಜೊತೆಯಲ್ಲಿ ನೆಟ್ಟವರು ಒಂದನ್ನು ಕಳೆದುಕೊಳ್ಳಲು ಸಿದ್ಧರಾಗಿರಬೇಕು. ಅರೆನೆರಳಿನಲ್ಲಿ ಫಾಕ್ಸ್‌ಗ್ಲವ್ ಸೊಗಸಾಗಿ ಬರುವುದು. ಆದರೆ ಅದರ ಸರ್ವಾಂಗವೂ ವಿಷ. 1785ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯನು ಅದರ ಔಷಧಗುಣವನ್ನು ಕುರಿತು ಗ್ರಂಥವನ್ನೇ ಬರೆದನೆಂಬುದು ನಿಜ. ಆದರೂ ಸಣ್ಣ ಮಕ್ಕಳಿರುವ ಮನೆಯಲ್ಲಿ ಅದು ದಾರಿಯ ಅಂಚಿಗೆ ಬೇಡ.

ಕುಟೀರದ ತೋಟದ ಚಿತ್ರ ಬರೆದವರೆಲ್ಲರೂ ಗೋಡೆಯ ಪಕ್ಕದಲ್ಲಿ ಬರೆಯುವ ಗಿಡವೊಂದಿದೆ, ಹಾಲಿಹಾಕ್. ನಮ್ಮ ದಾಸವಾಳದ ಬಳಗಕ್ಕೆ ಸೇರಿದ್ದು. ಆರೇಳು ಅಡಿ ಎತ್ತರಕ್ಕೆ ನೆಟ್ಟಗೆ ಏಳುವುದು. 1873ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ತುಕ್ಕುರೋಗ ಕಾಣಿಸಿಕೊಂಡಿತು. ದಕ್ಷಿಣ ಅಮೆರಿಕದಿಂದ ಬಂದ ಈ ಶಿಲೀಂಧ್ರವು ಎಲೆಯ ಕೆಳಮೈಯಲ್ಲಿ ಕಿತ್ತಳೆಗಂದು ಬಣ್ಣದ ಗುಳ್ಳೆಗಳನ್ನೆಬ್ಬಿಸಿ, ಬುಡದ ಎಲೆಗಳಿಂದ ತೊಡಗಿ ಮೇಲಮೇಲಕ್ಕೆ ಏರುತ್ತದೆ. ಅಂದಿನಿಂದ ಅದು ಆ ನಾಡನ್ನು ಬಿಟ್ಟುಹೋಗಿಲ್ಲ. ಹಾಗೆಂದು ಹಾಲಿಹಾಕನ್ನು ಬಿಟ್ಟುಬಿಡಬೇಕೆ? ಬೇಡವೆಂದೇ ನಮ್ಮ ಮತ. ಅದನ್ನು ಎರಡು ವರ್ಷದ ಗಿಡವೆಂದೆಣಿಸಿ, ಹೂ ಮುಗಿದೊಡನೆ ಬೇರುಸಹಿತ ಕಿತ್ತು, ಹೊಸ ಬೀಜದಿಂದ ಸಸಿ ಮಾಡಿಕೊಂಡರೆ ರೋಗಕ್ಕೆ ನೆಲೆ ಕಡಮೆಯಾಗುವುದು. ಪಾತಿಯ ಹಿಂಬದಿಯಲ್ಲಿ ನೆಟ್ಟರೆ ಎಲೆಯುದುರಿದ ಕಾಲುಗಳನ್ನು ಮುಂದಿನ ಗಿಡಗಳು ಮರೆಮಾಡುವುವು.

ಇನ್ನು ಕಾಲದ ಮಾತು. ಪಿಯೋನಿಯು ಒಮ್ಮೆ ಬೇರೂರಿದರೆ ಹಲವು ದಶಕ ಬಾಳುವುದು. ಆದರೆ ಮೊದಲ ಎರಡು ವರ್ಷ ಹೂವಿಗೆ ಕಾಯಬೇಕು. ಅದರ ಬುಡದ ಮೊಗ್ಗುಗಳು ಎರಡು ಅಂಗುಲಕ್ಕಿಂತ ಆಳಕ್ಕೆ ಹೋದರೆ ಎಲೆಯಲ್ಲದೆ ಹೂ ಕಾಣದು. ಇಂಥ ಗಿಡಕ್ಕೆ ಮೂರಡಿಯ ಜಾಗವನ್ನು ಬಿಡಲು ಹೊಸಬರಿಗೆ ಮನಸ್ಸೊಪ್ಪದು. ಬರಿಯ ನೆಲ ಕಣ್ಣಿಗೆ ಚುಚ್ಚುತ್ತದೆ. ಒಂದರ ಮೇಲೊಂದು ನೆಟ್ಟುಬಿಡುತ್ತಾರೆ. ಆ ತೆರಪನ್ನು ಮೊದಲ ವರ್ಷ ನಸ್ಟರ್ಷಿಯಂನಂಥ ಒಂದು ವರ್ಷದ ಹೂಗಳಿಂದ ತುಂಬುವುದೇ ಜಾಣತನ. ಅದಕ್ಕೆ ಗೊಬ್ಬರವೂ ಬೇಡ. ಕೊಬ್ಬಿದ ಮಣ್ಣಿನಲ್ಲಿ ಅದು ಎಲೆಯನ್ನೇ ಬಿಡುವುದು. ಸರ್ರೆ ಪ್ರಾಂತದ ಮನ್‌ಸ್ಟೆಡ್ ವುಡ್‌ನಲ್ಲಿ ತೋಟ ಮಾಡಿದ್ದ ಗರ್ಟ್ರೂಡ್ ಜೀಕಿಲ್ (1843–1932) ಚಿತ್ರಕಲೆಯನ್ನು ಕಲಿತಿದ್ದವರು, ದೃಷ್ಟಿ ಮಂದವಾಗಿದ್ದವರು. ಬೇಸಗೆಯಲ್ಲಿ ಗಸಗಸೆಯ ಜಾತಿಯ ಗಿಡ ಒಣಗಿದೊಡನೆ ಅದರ ತೆರಪಿನ ಮೇಲೆ ಜಿಪ್ಸೊಫಿಲಾ ಹರಡುವಂತೆಯೂ, ಅದು ಮಾಸಿದ ಮೇಲೆ ನಸ್ಟರ್ಷಿಯಂ ಬಳ್ಳಿ ಅದನ್ನು ಮುಚ್ಚುವಂತೆಯೂ ಆಕೆ ನೆಟ್ಟಿದ್ದರು. ಒಂದೇ ಗೇಣು ನೆಲಕ್ಕೆ ಮೂರು ಸರದಿ!

ಈ ಸರದಿಯ ವಿದ್ಯೆ ನಮ್ಮೂರಿಗೂ ಪರಿಚಿತವೇ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸಮಾಡಿ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕ್ರುಂಬಿಗಲ್ ಅವರು, ಒಂದು ಮರದ ಹೂ ಉದುರುವಾಗ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನಾಯ್ದರು. ಆದರೆ ಇಂಗ್ಲಿಷ್ ಪಾತಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಪಿಯೋನಿಗೆ ಬೇಕಾದಷ್ಟು ದೀರ್ಘವಾದ ಚಳಿ 3,000 ಅಡಿ ಎತ್ತರದ ಬೆಂಗಳೂರಿನಲ್ಲಿಯೂ ಇಲ್ಲ. ಅದಕ್ಕೆ ವೆಚ್ಚಮಾಡುವುದು ವ್ಯರ್ಥ. ಹಾಲಿಹಾಕ್, ನಸ್ಟರ್ಷಿಯಂಗಳನ್ನು ಮಳೆಗಾಲ ಹಿಂದಾದ ಮೇಲೆ ಬಿತ್ತಬಹುದು. ಜೀಕಿಲ್ ಅವರು ತಮ್ಮ ದೊಡ್ಡ ಪಾತಿಯ ನಡುವಿನ ಕೆಂಪಿಗೆ ಕಾಬಾಳೆಯನ್ನು ಬಳಸಿದ್ದರು. ಅಲ್ಲಿ ಹಿಮ ಬೀಳುವ ಮೊದಲು ಅದರ ಗೆಡ್ಡೆಯನ್ನು ಅಗೆದು ಒಳಗೆ ಬಚ್ಚಿಡಬೇಕು. ಇಲ್ಲಿ ಅದು ಬಚ್ಚಲನೀರು ಹರಿಯುವ ಹಿತ್ತಿಲಿನಲ್ಲಿ, ಯಾರೂ ಕೇಳದಿದ್ದರೂ, ವರ್ಷವೆಲ್ಲ ನಿಂತಿರುವುದು.