ನಿಂಬೆಹಣ್ಣು ನಾಲ್ಕು, ಟೈರೂ ನಾಲ್ಕು

ಆಯುಧಪೂಜೆ ಬರುತ್ತೆ. ಗಾಡಿ ತೊಳೀತೀವಿ. ಬಾಳೆಕಂದು ಕಟ್ತೀವಿ. ಬಾನೆಟ್ ಮೇಲೆ ಸೇವಂತಿಗೆ ಹಾರ. ಕುಂಬಳಕಾಯಿ ಒಡೆದು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣಿಟ್ಟು ಗಾಡಿ ಮುಂದಕ್ಕೆ ಬಿಡ್ತೀವಿ. ನಮ್ಮ ಸಂಪ್ರದಾಯ, ತಪ್ಪೇನಿಲ್ಲ. ಆದರೆ ನನ್ನದೊಂದು ಪ್ರಶ್ನೆ. ನಿಂಬೆಹಣ್ಣು ಇಡೋಕೆ ಬಗ್ಗುತ್ತೀರಲ್ಲ, ಆವಾಗ ಆ ಟೈರಿನ ಮುಖವನ್ನ ಒಂದ್ಸಲ ಸರಿಯಾಗಿ ನೋಡಿದ್ದೀರಾ?

ಕಾರು ತಗೊಳ್ಳುವಾಗ ನಾವು ಏನೇನು ಕೇಳ್ತೀವಿ? ಮೈಲೇಜ್ ಎಷ್ಟು, ಸನ್‌ರೂಫ್ ಇದೆಯಾ, ಸ್ಕ್ರೀನ್ ಎಷ್ಟು ದೊಡ್ಡದು, ಏರ್‌ಬ್ಯಾಗ್ ಎಷ್ಟು. ಎಲ್ಲಾ ಕೇಳ್ತೀವಿ. ಟೈರ್ ಬಗ್ಗೆ ಯಾರೂ ಕೇಳೋದಿಲ್ಲ. ಸ್ವಾಮಿ, ನೀವು ಹತ್ತು ಲಕ್ಷದ ಕಾರಲ್ಲಿ ಹೋಗಿ, ಒಂದು ಕೋಟಿಯ ಕಾರಲ್ಲಿ ಹೋಗಿ, ಆ ಕಾರು ನೆಲಕ್ಕೆ ತಾಗೋದು ನಾಲ್ಕೇ ಜಾಗದಲ್ಲಿ. ಒಂದೊಂದು ಜಾಗವೂ ಹೆಚ್ಚು ಕಮ್ಮಿ ನಿಮ್ಮ ಅಂಗೈಯಷ್ಟು. ಬ್ರೇಕ್ ಹಿಡಿಯೋದು, ತಿರುವಿನಲ್ಲಿ ಗಾಡಿ ನಿಲ್ಲೋದು, ಮಳೆಯಲ್ಲಿ ಜಾರದೇ ಇರೋದು ಎಲ್ಲವೂ ಆ ನಾಲ್ಕು ಅಂಗೈ ಅಗಲದ ರಬ್ಬರ್ ಮೇಲೆ ನಿಂತಿದೆ. ನಿಮ್ಮ ಹೆಂಡತಿ ಮಕ್ಕಳ ಜೀವವೂ ಅಲ್ಲೇ ಇದೆ.

ಇದನ್ನ ಈಗ್ಯಾಕೆ ಹೇಳ್ತಿದ್ದೀನಿ? ಯಾಕಂದ್ರೆ ನಮ್ಮ ರಸ್ತೆ ಬದಲಾಗಿದೆ, ನಮ್ಮ ಅಭ್ಯಾಸ ಬದಲಾಗಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳೀತು. ಹಿಂದೆ ಏನಾಗ್ತಿತ್ತು? ಬಿಡದಿಯಲ್ಲಿ ಟ್ರಾಫಿಕ್, ರಾಮನಗರದಲ್ಲಿ ಸಿಗ್ನಲ್, ಮದ್ದೂರಲ್ಲಿ ವಡೆ, ಮಂಡ್ಯದಲ್ಲಿ ಹಂಪ್. ಟೈರಿಗೆ ಬಿಸಿಯಾಗೋಕೆ ಪುರುಸೊತ್ತೇ ಇರ್ತಿರಲಿಲ್ಲ. ಈಗ ನೂರರ ವೇಗದಲ್ಲಿ ಗಂಟೆಗಟ್ಟಲೆ ಒಂದೇ ಸಮನೆ ಓಟ. ಊರೊಳಗೆ ಹಾಲು ತರಕಾರಿಗೆ ಓಡಾಡಿಕೊಂಡಿದ್ದ ಸವೆದ ಟೈರಿಗೆ ಇಲ್ಲಿ ಅಗ್ನಿಪರೀಕ್ಷೆ.

ಟೈರ್ ಸಿಡೀತು, ಕಾರು ಪಲ್ಟಿ ಅಂತ ನಾವು ಸುದ್ದಿ ಓದ್ತೀವಿ. ನೀವು ನೋಡಿ "ಅಯ್ಯೋ, ಹಣೆಬರಹ" ಅಂತೀರಿ. ಹಣೆಬರಹ ಅಲ್ಲ ಇದು. 2023ರಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಒಂದು ಪ್ರಕರಣ ಬಂತು. 2010ರಲ್ಲಿ ಪುಣೆಯಿಂದ ಮುಂಬೈಗೆ ಹೋಗ್ತಿದ್ದ ಕಾರಿನ ಹಿಂದಿನ ಟೈರ್ ಸಿಡಿದು, ಗಾಡಿ ಕಂದಕಕ್ಕೆ ಬಿದ್ದು ಒಬ್ಬರು ತೀರಿಕೊಂಡಿದ್ದರು. ಟ್ರಿಬ್ಯುನಲ್ ಸುಮಾರು 1.25 ಕೋಟಿ ಪರಿಹಾರ ಕೊಡಿ ಅಂದಿತ್ತು. ವಿಮಾ ಕಂಪನಿ ವಾದ ಏನು ಗೊತ್ತಾ? ಟೈರ್ ಸಿಡಿಯೋದು ದೈವೇಚ್ಛೆ, ನಮ್ಮ ಹೊಣೆ ಇಲ್ಲ ಅಂತ. ಕೋರ್ಟ್ ಒಪ್ಪಲಿಲ್ಲ. ಭೂಕಂಪ, ಪ್ರವಾಹ ಇದ್ದ ಹಾಗಲ್ಲ ಇದು, ಮನುಷ್ಯನ ನಿರ್ಲಕ್ಷ್ಯ ಅಂತ ಹೇಳಿತು. ವೇಗ, ಗಾಳಿಯ ಒತ್ತಡ, ಹಳೇ ಟೈರ್, ಬಿಸಿ ಇವೆಲ್ಲ ಕಾರಣಗಳು, ಹೊರಡುವ ಮುಂಚೆ ಟೈರ್ ನೋಡಿಕೊಳ್ಳೋದು ಓಡಿಸುವವನ ಕೆಲಸ ಅಂತ ಹೇಳಿತು. ಅಂದ್ರೆ ದೇವರ ಮೇಲೆ ಹಾಕೋ ಹಾಗಿಲ್ಲ.

ಹಾಗಾದ್ರೆ ಟೈರ್ ಯಾಕೆ ಸಿಡಿಯುತ್ತೆ? ಇಲ್ಲೇ ನಮ್ಮ ಜನರ ದೊಡ್ಡ ತಪ್ಪು ಕಲ್ಪನೆ ಇರೋದು. ಬೇಸಿಗೆ ಬಂತು, ಗಾಳಿ ಹಿಗ್ಗುತ್ತೆ, ಅದಕ್ಕೇ ಸ್ವಲ್ಪ ಕಮ್ಮಿ ಹಾಕಿಸೋಣ ಅಂತಾರೆ. ಪೂರ್ತಿ ಉಲ್ಟಾ! ಗಾಳಿ ಕಮ್ಮಿ ಇದ್ದಾಗ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚುತ್ತೆ, ಬಿಚ್ಚಿಕೊಳ್ಳುತ್ತೆ. ಒಂದು ತಂತಿಯನ್ನ ಆ ಕಡೆ ಈ ಕಡೆ ಬಗ್ಗಿಸ್ತಾ ಇರಿ, ಬಿಸಿಯಾಗಿ ಕೊನೆಗೆ ಮುರಿಯುತ್ತಲ್ಲ? ಹಾಗೇ ಇದು. ಒಳಗಿನ ನೂಲು, ರಬ್ಬರ್ ಕಾದು ಪದರ ಪದರವಾಗಿ ಬಿಡುತ್ತೆ. ಆಮೇಲೆ ಡಬ್ ಅಂತ ಶಬ್ದ. ಗಾಳಿ ಜಾಸ್ತಿ ಆದ್ರೂ ಒಳ್ಳೇದಲ್ಲ, ಹಿಡಿತ ತಪ್ಪುತ್ತೆ, ಗುಂಡಿಯ ಏಟು ಜೋರಾಗಿ ಬೀಳುತ್ತೆ. ಆದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಮೊದಲು ಭಯಪಡಬೇಕಾದ್ದು ಗಾಳಿ ಕಮ್ಮಿ ಇರೋ ಟೈರಿಗೆ.

ಸರಿ, ಎಷ್ಟು ಗಾಳಿ ಹಾಕಿಸಬೇಕು? ಪೆಟ್ರೋಲ್ ಬಂಕ್ ಹುಡುಗ "ಎಷ್ಟು ಸಾರ್?" ಅಂತಾನೆ. ನಾವು ಆಕಾಶ ನೋಡಿ "ಮೂವತ್ತು ಹಾಕಪ್ಪಾ" ಅಂತೀವಿ. ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲೆ ನೋಡಿ, ಅಥವಾ ಪೆಟ್ರೋಲ್ ಮುಚ್ಚಳದ ಒಳಗೆ ನೋಡಿ. ಸ್ಟಿಕರ್ ಇರುತ್ತೆ. ಇಬ್ಬರು ಹೋದರೆ ಎಷ್ಟು, ತುಂಬಿದ ಮನೆ ಲಗೇಜ್ ಸಮೇತ ಹೋದರೆ ಎಷ್ಟು ಅಂತ ಅಲ್ಲೇ ಬರೆದಿರ್ತಾರೆ. ಟೈರಿನ ಮೇಲೆ ಒತ್ತಿರೋ ಗರಿಷ್ಠ ಒತ್ತಡದ ಸಂಖ್ಯೆ ಬೇರೆ. ಅದು ಟೈರ್ ತಡೆಯೋ ಮಿತಿ, ನಿಮ್ಮ ಕಾರಿಗೆ ಬೇಕಾದ ಅಳತೆ ಅಲ್ಲ.

ಇನ್ನೊಂದು ಮುಖ್ಯ ಮಾತು. ಗಾಳಿ ನೋಡಬೇಕಾದ್ದು ಟೈರ್ ತಣ್ಣಗಿದ್ದಾಗ. ಐದಾರು ಡಿಗ್ರಿ ಬಿಸಿ ಏರಿದರೆ ಹತ್ತಿರ ಹತ್ತಿರ ಒಂದು ಪಿಎಸ್‌ಐ ಏರುತ್ತೆ. ಮೈಸೂರಿಂದ ಓಡಿಸ್ಕೊಂಡು ಬಂದು ಚೆಕ್ ಮಾಡಿಸಿದ್ರೆ ಮೂರು ನಾಲ್ಕು ಜಾಸ್ತಿ ತೋರಿಸೋದು ಸಹಜ. ಜಾಸ್ತಿ ಆಯ್ತು ಅಂತ ಬಿಡಿಸಿದ್ರಿ ಅಂದುಕೊಳ್ಳಿ, ಮಾರನೇ ದಿನ ಬೆಳಿಗ್ಗೆ ನಿಮ್ಮ ಟೈರಲ್ಲಿ ಗಾಳಿ ಕಮ್ಮಿ! ನೈಟ್ರೋಜನ್ ಹಾಕಿಸಿದ್ದೀನಿ, ನನಗೆ ಚಿಂತೆ ಇಲ್ಲ ಅನ್ನೋರೂ ಇದ್ದಾರೆ. ನಾವು ಉಸಿರಾಡೋ ಗಾಳಿಯಲ್ಲೇ ಶೇಕಡ 78ರಷ್ಟು ನೈಟ್ರೋಜನ್ ಇದೆ. ಹಾಕಿಸಿ, ಬೇಡ ಅನ್ನಲ್ಲ. ಆದರೆ ತಿಂಗಳಿಗೊಮ್ಮೆ ಚೆಕ್ ಮಾಡಿಸೋದನ್ನ ಅದು ತಪ್ಪಿಸೋದಿಲ್ಲ.

ಈಗ ಟೈರ್ ಮೇಲಿನ ಅಕ್ಷರ ಓದೋದು ಹೇಗೆ ಅಂತ ಹೇಳ್ತೀನಿ. ಬರ್ಕೊಳ್ಳಿ. 185/65 ಆರ್ 15, ಪಕ್ಕದಲ್ಲಿ 88 ಎಚ್ ಅಂತ ಇದೆ ಅಂದುಕೊಳ್ಳಿ. 185 ಅಂದ್ರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕ. 65 ಅಂದ್ರೆ ಪಕ್ಕೆಯ ಎತ್ತರ, ಅಗಲದ ಶೇಕಡ 65. ಆರ್ ಅಂದ್ರೆ ರೇಡಿಯಲ್. 15 ಇಂಚು ರಿಮ್. 88 ಅಂದ್ರೆ ಒಂದು ಟೈರ್ 560 ಕೆ.ಜಿ. ಹೊರುತ್ತೆ. ಎಚ್ ಅಂದ್ರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ಪರೀಕ್ಷೆ ಆಗಿದೆ. ಟಿ ಅಂತಿದ್ರೆ 190, ಎಸ್ ಅಂತಿದ್ರೆ 180. ಟೈರ್ ಬದಲಿಸುವಾಗ ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ತೂಕದ್ದು, ಕಮ್ಮಿ ವೇಗದ್ದು ಹಾಕಿಸಬೇಡಿ. ಶೋಕಿಗೆ ಅಂತ ದೊಡ್ಡ ರಿಮ್, ಚಪ್ಪಟೆ ಟೈರ್ ಹಾಕಿಸ್ತಾರೆ. ನಮ್ಮ ಗುಂಡಿಗಳಿಗೆ ಅದು ತಡೆಯುತ್ತಾ? ಪಕ್ಕೆ ಉಬ್ಬಿದ ಟೈರ್ ಕಂಡರೆ ಒಂದು ದಿನವೂ ಓಡಿಸಬೇಡಿ. ಉಬ್ಬಿದೆ ಅಂದ್ರೆ ಒಳಗಿನ ನೂಲು ಹರಿದಿದೆ ಅಂತ ಅರ್ಥ.

ಡಿಒಟಿ ಅನ್ನೋ ಅಕ್ಷರದ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರ್. ಅಂಗಡಿಯವರು "ಹೊಸದು ಸಾರ್" ಅಂದ್ರೂ ಈ ಅಂಕಿ ನೋಡಿಯೇ ದುಡ್ಡು ಕೊಡಿ. ರಬ್ಬರ್ ಓಡದೇ ಇದ್ದರೂ ಮುದಿಯಾಗುತ್ತೆ, ಗಟ್ಟಿಯಾಗಿ ಬಿರುಕು ಬಿಡುತ್ತೆ. ಐದು ವರ್ಷ ದಾಟಿದ ಟೈರನ್ನ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಹತ್ತು ವರ್ಷ ಆದ್ರೆ ಹೊರಗಿಂದ ಎಷ್ಟೇ ಚೆನ್ನಾಗಿ ಕಂಡರೂ ತೆಗೆಸಿ. ಡಿಕ್ಕಿಯಲ್ಲಿ ಮಲಗಿರೋ ಸ್ಟೆಪ್ನಿಗೂ ಇದೇ ಲೆಕ್ಕ. 2020ರ ನಿಯಮ ತಿದ್ದುಪಡಿ ಆದಮೇಲೆ ಕೆಲವು ಕಾರುಗಳಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ಟ್ಯೂಬ್‌ಲೆಸ್ ಟೈರ್, ಪಂಕ್ಚರ್ ಕಿಟ್, ಒತ್ತಡ ತೋರಿಸೋ ಸೆನ್ಸರ್ ಇದ್ದರೆ ಸಾಕು. ನಿಮ್ಮ ಕಾರಲ್ಲಿ ಏನಿದೆ, ಏನಿಲ್ಲ ಅಂತ ಮನೇಲೇ ನೋಡ್ಕೊಳ್ಳಿ. ರಾತ್ರಿ ಹನ್ನೆರಡಕ್ಕೆ ಕತ್ತಲಲ್ಲಿ ನಿಂತು ಹುಡುಕಬೇಡಿ.

ಟ್ಯೂಬ್‌ಲೆಸ್‌ನ ಒಳ್ಳೇತನವೇ ಒಂದು ಅಪಾಯ. ಮೊಳೆ ಚುಚ್ಚಿದ್ರೂ ಗಾಳಿ ಒಮ್ಮೆಲೇ ಹೋಗಲ್ಲ, ನಿಧಾನಕ್ಕೆ ಸೋರುತ್ತೆ. ನಮಗೆ ಗೊತ್ತೇ ಆಗೋದಿಲ್ಲ. ಅದೇ ಟೈರಲ್ಲಿ ಹೈವೇ ಹತ್ತಿಬಿಡ್ತೀವಿ. ಪಂಕ್ಚರ್ ಹಾಕಿಸೋದು ನೆಲಕ್ಕೆ ತಾಗೋ ಭಾಗಕ್ಕೆ ಮಾತ್ರ. ಪಕ್ಕೆ ಕೂದರೆ ಅಂಟಿಸೋ ಮಾತೇ ಇಲ್ಲ, ಟೈರ್ ಬದಲಿಸಬೇಕು.

ಇನ್ನು ಬೋಳು ಟೈರ್. ಟೈರಿನ ಗಾಡಿಯೊಳಗೆ, ಅಂದ್ರೆ ಆ ಗೆರೆಗಳ ಒಳಗೆ, ಸಣ್ಣ ದಿಣ್ಣೆಗಳಿರುತ್ತವೆ. ಗೆರೆ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತು ಅಂದ್ರೆ ಉಳಿದಿರೋದು 1.6 ಮಿಲಿಮೀಟರ್. ಕಾನೂನಿನ ಪ್ರಕಾರವೂ ಅಲ್ಲಿಗೆ ಟೈರಿನ ಆಯಸ್ಸು ಮುಗೀತು. ಆ ಗೆರೆಗಳು ಅಂದಕ್ಕೆ ಇರೋದಲ್ಲ. ಮಳೆ ನೀರನ್ನ ಆಚೆ ತಳ್ಳೋಕೆ ಇರೋದು. ಗೆರೆ ಇಲ್ಲದಿದ್ರೆ ಟೈರ್ ನೀರಿನ ಮೇಲೆ ತೇಲುತ್ತೆ. ಆಗ ಸ್ಟೀರಿಂಗ್ ತಿರುಗಿಸಿದ್ರೂ ಇಲ್ಲ, ಬ್ರೇಕ್ ಒತ್ತಿದ್ರೂ ಇಲ್ಲ. ಶಿರಾಡಿಯಲ್ಲಿ, ಚಾರ್ಮಾಡಿಯಲ್ಲಿ, ಆಗುಂಬೆಯಲ್ಲಿ ಮಳೆಗಾಲದಲ್ಲಿ ಹೀಗಾದ್ರೆ ಗತಿ ಏನು? ಎರಡೇ ಹೊಸ ಟೈರ್ ತಗೊಳ್ಳೋಕೆ ಶಕ್ತಿ ಇದ್ರೆ ಅವನ್ನ ಹಿಂದಕ್ಕೆ ಹಾಕಿಸಿ. ಮುಂದಿನದು ಜಾರಿದ್ರೆ ವೇಗ ಇಳಿಸಿ ಸಂಭಾಳಿಸಬಹುದು. ಹಿಂದಿನದು ಜಾರಿದ್ರೆ ಕಾರು ಬುಗುರಿ ತಿರುಗಿದ ಹಾಗೆ ತಿರುಗುತ್ತೆ.

ಅಷ್ಟೆಲ್ಲ ಮಾಡಿಯೂ ಟೈರ್ ಸಿಡೀತು ಅಂದ್ರೆ? ಬ್ರೇಕ್ ಮೇಲೆ ನಿಲ್ಲಬೇಡಿ. ಇದನ್ನ ಮನೆಯವರಿಗೂ ಹೇಳಿಕೊಡಿ. ಸ್ಟೀರಿಂಗ್ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನೇರವಾಗಿ ಇಟ್ಕೊಳ್ಳಿ. ಆಕ್ಸಿಲರೇಟರ್‌ನಿಂದ ಕಾಲು ನಿಧಾನಕ್ಕೆ ತೆಗೀರಿ. ವೇಗ ತಾನಾಗೇ ಇಳಿದ ಮೇಲೆ ಎಡಕ್ಕೆ ತಗೊಂಡು ನಿಲ್ಲಿಸಿ. ಹಜಾರ್ಡ್ ಲೈಟ್ ಹಾಕಿ, ಹಿಂದೆ ದೂರದಲ್ಲಿ ತ್ರಿಕೋನ ಇಡಿ, ಮಕ್ಕಳನ್ನ ತಡೆಗೋಡೆಯ ಆಚೆ ನಿಲ್ಲಿಸಿ. ಕಾರಿನ ಹಿಂದೆ ಯಾರೂ ನಿಲ್ಲಬೇಡಿ.

ನೋಡಿ, ವಿಕ್ರಾಂತ್ ಟೈರ್ ಅಂತ ಒಂದು ಕಾಲಕ್ಕೆ ನಮ್ಮ ರಾಜ್ಯ ಸರ್ಕಾರದ ಪಾಲಿದ್ದ ಕಾರ್ಖಾನೆ ಮೈಸೂರಿನಲ್ಲಿತ್ತು. 1997ರಲ್ಲಿ ಅದು ಜೆ.ಕೆ. ಕಂಪನಿ ಕೈಗೆ ಹೋಯ್ತು. ಈಗಲೂ ಮೈಸೂರಲ್ಲಿ ಟೈರ್ ತಯಾರಾಗುತ್ತೆ. ಟೈರ್ ಮಾಡೋ ಊರಿನ ರಸ್ತೆಯಲ್ಲೇ ಬೋಳು ಟೈರಿಂದ ಜನ ಸಾಯಬಾರದು. ಸರ್ಕಾರಕ್ಕೂ ಒಂದು ಮಾತು. ಟೋಲ್ ವಸೂಲಿಗೆ ಇರೋ ಶ್ರದ್ಧೆ, ಕ್ಯಾಮೆರಾ ದಂಡಕ್ಕೆ ಇರೋ ಶ್ರದ್ಧೆ, ಟೋಲ್ ಗೇಟ್ ಪಕ್ಕದಲ್ಲಿ ಒಂದು ಉಚಿತ ಗಾಳಿ ಪೈಪ್, ಸರಿಯಾದ ಮೀಟರ್ ಇಡೋದಕ್ಕೂ ಇರಲಿ. ಟೋಲ್ ಕಟ್ಟೋ ಜನ ಅಷ್ಟನ್ನ ಕೇಳೋದು ತಪ್ಪಲ್ಲ.

ಆದರೆ ಸರ್ಕಾರ ಮಾಡೋವರೆಗೂ ಕಾಯಬೇಡಿ. ದಸರಾ ರಜೆಗೆ ಹೊರಡೋ ದಿನ ಬೆಳಿಗ್ಗೆ, ಗಾಡಿ ಹತ್ತೋ ಮುಂಚೆ ಐದು ನಿಮಿಷ. ಗಾಳಿ ನೋಡಿ, ಗೆರೆ ನೋಡಿ, ಉಬ್ಬು ಬಿರುಕು ನೋಡಿ, ಸ್ಟೆಪ್ನಿ ನೋಡಿ. ಪೂಜೆ ಮಾಡಿದ ಆಯುಧವನ್ನ ಚೆನ್ನಾಗಿ ಇಟ್ಟುಕೊಳ್ಳೋದೂ ಪೂಜೆಯೇ.

ಹುಷಾರಾಗಿ ಹೋಗಿ, ಹುಷಾರಾಗಿ ಬನ್ನಿ.