ರಸ್ತೆ ಬದಿಯ ಹಳದಿ ಹೂ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದರು. ಬರೆದುಕೊಂಡೂ ಬಂದಿದ್ದೆ. ಆದರೆ ಬೆಳಿಗ್ಗೆ ಗೇಟಿನ ಹತ್ತಿರ ಇಬ್ಬರು ಹುಡುಗಿಯರು ಈ ಮೇಜಿನ ಮೇಲಿರುವ ಹಳದಿ ಹೂಗಳನ್ನು ಹೂದಾನಿಗೆ ಜೋಡಿಸುತ್ತಿದ್ದರು. "ಸಾರ್, ಈ ವರ್ಷ ಶಾಲೆಯ ಬೇಲಿ ಉದ್ದಕ್ಕೂ ಇದನ್ನೇ ನೆಡ್ತೇವೆ" ಎಂದರು. ಅದನ್ನು ಕೇಳಿದ ಮೇಲೆ ಬರೆದು ತಂದ ಕಾಗದವನ್ನು ಜೇಬಿಗೆ ಹಾಕಿಕೊಂಡೆ. ಈ ಹೂವಿನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನೇ ಹೇಳುತ್ತೇನೆ.

ಈ ಹೂ ನಿಮಗೆಲ್ಲ ಗೊತ್ತು. ಮಳೆ ನಿಂತು, ಕಾವೇರಿ ಸಂಕ್ರಮಣ ಕಳೆದು, ಹುತ್ತರಿ ಹತ್ತಿರ ಬರುವ ಹೊತ್ತಿಗೆ ಬೆಟ್ಟದ ರಸ್ತೆಗಳ ಬರೆಯ ಮೇಲೆ ಹಳದಿ ಹಾಸಿದ ಹಾಗೆ ಅರಳುತ್ತದೆ. ಗಿಡ ಆಳಿಗಿಂತ ಎತ್ತರ. ನಾವು ಕಾಡು ಸೂರ್ಯಕಾಂತಿ ಎನ್ನುತ್ತಿದ್ದೆವು. ಪುಸ್ತಕದ ಹೆಸರು ಟಿಥೋನಿಯಾ ಡೈವರ್ಸಿಫೋಲಿಯಾ.

ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಇದೇ ಹೂವನ್ನು ತರಿಸಿ ಗುಂಡುಸೂಜಿಯಿಂದ ಬಿಡಿಸಲು ಹೇಳಿದ್ದರು. ಒಂದು ಹೂ ಎಂದುಕೊಂಡದ್ದು ಒಂದಲ್ಲ. ನಡುವಿನ ಗುಂಡಿಯಲ್ಲಿರುವ ಒಂದೊಂದು ಚೂರೂ ಒಂದೊಂದು ಪೂರ್ತಿ ಹೂ. ಎಣಿಸಲು ಹೊರಟು, ನೂರರ ಹತ್ತಿರ ಬರುವಾಗ ನಮ್ಮ ಬೆಂಚಿನಲ್ಲಿ ಲೆಕ್ಕ ತಪ್ಪಿ ಜಗಳವಾಯಿತು. ಅಂಚಿನ ಎಸಳುಗಳೂ ಹೂಗಳೇ, ಆದರೆ ಅವು ಕಾಯಿ ಕಟ್ಟುವುದಿಲ್ಲ. ದುಂಬಿ, ಜೇನನ್ನು ಕರೆಯುವುದಷ್ಟೇ ಅವುಗಳ ಕೆಲಸ. ಬೀಜ ಆಗುವುದು ನಡುವಿನವುಗಳಲ್ಲಿ. ಸೇವಂತಿಗೆ, ಚೆಂಡು ಹೂ, ಹುಚ್ಚೆಳ್ಳು, ಸೂರ್ಯಕಾಂತಿ ಎಲ್ಲವೂ ಇದೇ ಕುಟುಂಬ. ಭೂಮಿಯ ಮೇಲೆ ಈ ಕುಟುಂಬದ ಗಿಡಗಳು ಇಪ್ಪತ್ತು ಸಾವಿರ ಜಾತಿಗೂ ಹೆಚ್ಚು. ಅಂದಿನ ಆ ಒಂದು ಪಾಠದಿಂದ ನನಗೆ ಈ ಹೂವಿನ ಹುಚ್ಚು ಹಿಡಿಯಿತು.

ಅದೇ ವಾರ ರಸ್ತೆ ಬದಿಯಿಂದ ನಾಲ್ಕು ಕಾಂಡ ಮುರಿದುಕೊಂಡು ಹೋಗಿ ನಮ್ಮ ಗದ್ದೆಯ ಪಕ್ಕದ ತೋಡಿನ ದಡದಲ್ಲಿ ಊರಿದೆ. ನಾಲ್ಕೂ ಚಿಗುರಿದವು. ಅಪ್ಪ ನೋಡಿ, "ಹೂ ಚೆಂದ ಉಂಟು, ಇರಲಿ" ಎಂದರು. ನಾನು ಪಿಯುಸಿಗೆ ಹೋದೆ, ಇಂಜಿನಿಯರಿಂಗ್ ಓದಿದೆ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ಗಿಡವನ್ನು ಮರೆತೆ. ಗಿಡ ತನ್ನ ಕೆಲಸ ಮರೆಯಲಿಲ್ಲ.

ಅಪ್ಪ ಇರುವಷ್ಟು ದಿನ ವರ್ಷಕ್ಕೊಮ್ಮೆ ಕತ್ತಿ ತೆಗೆದುಕೊಂಡು ಹೋಗಿ ಸವರುತ್ತಿದ್ದರು. ಅವರ ಮೊಣಕಾಲು ಕೆಟ್ಟ ಮೇಲೆ ಅದೂ ನಿಂತಿತು. ಮೂರು ವರ್ಷದ ಹಿಂದೆ, ಅಪ್ಪ ತೀರಿಕೊಂಡ ಮೇಲೆ, ಗದ್ದೆಗೆ ಇಳಿದು ನೋಡಿದರೆ ತೋಡಿಗೆ ಹೋಗುವ ದಾರಿಯೇ ಇರಲಿಲ್ಲ. ಪಕ್ಕದ ಗದ್ದೆಯ ಬದುವಿಗೂ ಹಬ್ಬಿತ್ತು. ಆ ಮನೆಯ ದೊಡ್ಡಮ್ಮ ಬೈಯಲಿಲ್ಲ. "ಇಲ್ಲಿ ಒಳ್ಳೆ ಕೆಸು ಇತ್ತಲ್ಲ ಮಗ, ಎಲ್ಲ ಹೋಯ್ತು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನ ರಜೆ ಹಾಕಿ ಕಡಿದೆ. ಕಡಿದ ಕಾಂಡಗಳನ್ನು ದಡದಲ್ಲೇ ರಾಶಿ ಹಾಕಿ ಬೆಂಗಳೂರಿಗೆ ಹೋದೆ. ಮಳೆಗಾಲ ಮುಗಿಸಿ ಬಂದರೆ ಆ ರಾಶಿಯೇ ಚಿಗುರಿ ನಿಂತಿದೆ! ನಾಲ್ಕು ತುಂಡು ಊರಿ ಬೆಳೆಸಿದವನಿಗೆ, ನಾನೂರು ತುಂಡು ಒದ್ದೆ ಮಣ್ಣಿನಲ್ಲಿ ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಬೇಡವೇ? ಅವ್ವ ನಗಾಡಿದರು. "ನೆಟ್ಟದ್ದೂ ನೀನೇ, ಎರಡನೇ ಸಲ ನೆಟ್ಟದ್ದೂ ನೀನೇ" ಎಂದರು.

ಆಮೇಲೆ ಕುಳಿತು ಓದಿದೆ. ಈ ಗಿಡದ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಚೆಂದಕ್ಕೆಂದು ಜನ ಕೊಂಡೊಯ್ದದ್ದರಿಂದ ಏಷ್ಯಾ, ಆಫ್ರಿಕಾಗಳಿಗೆ ಹಬ್ಬಿತು. ಶ್ರೀಲಂಕಾದಲ್ಲಿ ಇದನ್ನು 'ವಲ್ ಸೂರಿಯಕಾಂತ' ಎನ್ನುತ್ತಾರೆ. ಅಂದರೆ ಕಾಡು ಸೂರ್ಯಕಾಂತಿ, ನಾವು ಇಟ್ಟ ಹೆಸರೇ. ಥಾಯ್ಲೆಂಡಿನ ಮೇ ಹಾಂಗ್ ಸಾನ್ ಪ್ರಾಂತ್ಯದಲ್ಲಿ ಒಂದು ಬೆಟ್ಟಕ್ಕೆ ಬೆಟ್ಟವೇ ಈ ಹೂ ತುಂಬಿಕೊಂಡಿದೆ. ನವೆಂಬರ್‌ನಲ್ಲಿ ಅದನ್ನು ನೋಡಲು ಜನ ಮುಗಿಬೀಳುತ್ತಾರೆ. ಹಾಗಾಗಿ ಮಕ್ಕಳೇ, ಹೂ ಚೆಂದ ಎಂದ ನಿಮ್ಮ ಮಾತು ಸುಳ್ಳಲ್ಲ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದೂ ನಾನು ಹೇಳುತ್ತಿಲ್ಲ. ಆಯುಧ ಪೂಜೆಗೆ ಕಟ್ಟುವ ಚೆಂಡು ಹೂವಿನ ತವರೂ ಮೆಕ್ಸಿಕೊವೇ. ನಮಗೆ ಅನ್ನ ಕೊಡುವ ಕಾಫಿಯೂ ಹೊರಗಿನಿಂದ ಬಂದದ್ದೇ. ಆದರೆ ಚೆಂಡು ಹೂ ನಾವು ಬಿತ್ತಿದಲ್ಲಿ ಇರುತ್ತದೆ, ಹಂಗಾಮು ಮುಗಿದರೆ ಒಣಗುತ್ತದೆ. ಇದು ಹಾಗಲ್ಲ. ಬೀಜ ಹಗುರ, ಗಾಳಿಗೂ ನೀರಿಗೂ ಹೋಗುತ್ತದೆ. ಕಾಂಡದ ತುಂಡೂ ಬೇರು ಬಿಡುತ್ತದೆ. ರಸ್ತೆ ಅಗೆದ ಕಡೆ, ಬರೆ ಕುಸಿದ ಕಡೆ, ಮಣ್ಣು ಬರಿದಾದ ಕಡೆಯೆಲ್ಲ ಬೇಗ ಬೇರೂರುತ್ತದೆ. 2018ರ ಮಳೆಯ ನಂತರ ಅಂಥ ಬರಿ ಮಣ್ಣು ನಮ್ಮ ಜಿಲ್ಲೆಯಲ್ಲಿ ಎಷ್ಟಿತ್ತು ಎಂದು ನಿಮಗೆ ಹೇಳಬೇಕಾಗಿಲ್ಲ. ಲಂಟಾನವೂ ಒಂದು ಕಾಲದಲ್ಲಿ ಅಲಂಕಾರದ ಗಿಡವಾಗಿಯೇ ನಮ್ಮ ದೇಶಕ್ಕೆ ಬಂತು. ಇಂದು ಕಾಡಿನಲ್ಲಿ ಆನೆಗೆ ಹುಲ್ಲು ಇರಬೇಕಾದ ಜಾಗದಲ್ಲಿ ಅದು ನಿಂತಿದೆ.

ಬೈದು ಮುಗಿಸಿದರೆ ಆಗಲಿಲ್ಲ, ಕಡಿದದ್ದನ್ನು ಏನು ಮಾಡುವುದು? ಪಶ್ಚಿಮ ಕೀನ್ಯಾದ ರೈತರು ಬೇಲಿಯಲ್ಲಿ ಬೆಳೆದ ಇದೇ ಗಿಡದ ಸೊಪ್ಪನ್ನು ಜೋಳದ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ಅಲ್ಲಿ ಪರೀಕ್ಷೆ ಮಾಡಿದವರ ಲೆಕ್ಕದಂತೆ 100 ಕಿಲೋ ಒಣ ಸೊಪ್ಪಿನಲ್ಲಿ ಸುಮಾರು 3.5 ಕಿಲೋ ಸಾರಜನಕ, 4 ಕಿಲೋ ಪೊಟ್ಯಾಸಿಯಂ ಇರುತ್ತದೆ. ಇದನ್ನು ಓದಿ ಹೇಳಿದಾಗ ಅವ್ವ, "ಸೊಪ್ಪು ಕೊಳೆತರೆ ಗೊಬ್ಬರ ಅಂತ ತಿಳಿಯಲಿಕ್ಕೆ ಕೀನ್ಯಾಕ್ಕೆ ಹೋಗಬೇಕಾ?" ಎಂದರು. ಆದರೂ ಒಪ್ಪಿಕೊಂಡರು. ಈಗ ನಮ್ಮ ಮನೆಯಲ್ಲಿ ಹೂ ಬಿಡುವ ಮೊದಲೇ ಕಡಿಯುತ್ತೇವೆ. ಎಳೆ ಸೊಪ್ಪು ಗೊಬ್ಬರ ಗುಂಡಿಗೆ. ಬಲಿತ ಕಾಂಡವನ್ನು ಮಣ್ಣಿಗೆ ತಾಗದ ಹಾಗೆ ಕಣದ ಸಿಮೆಂಟಿನ ಮೇಲೆ ಹರಡಿ, ಪೂರ್ತಿ ಒಣಗಿದ ಮೇಲೆ ಒಲೆಗೆ. ಬುಡವನ್ನು ಅಗೆದು ತೆಗೆಯುತ್ತೇವೆ. ಮೂರು ವರ್ಷದಲ್ಲಿ ದಡದ ಅರ್ಧ ಮಾತ್ರ ಬಿಡಿಸಲು ಆಗಿದೆ. ನೆಡಲು ಬೇಕಾದದ್ದು ಒಂದು ಸಂಜೆ. ಬಿಡಿಸಿದ ಜಾಗದಲ್ಲಿ ಕಳೆದ ಮಳೆಗಾಲ ಕೆಸು ತಾನಾಗಿ ಎದ್ದಿತು. ಮೊದಲ ಎಲೆಗಳನ್ನು ಅವ್ವ ದೊಡ್ಡಮ್ಮನ ಮನೆಗೆ ಕೊಟ್ಟು ಬಂದರು.

ಕಂಪ್ಯೂಟರ್ ಬಗ್ಗೆ ಒಂದಾದರೂ ಮಾತು ಹೇಳದಿದ್ದರೆ ಕರೆದವರಿಗೆ ಬೇಸರವಾಗಬಹುದು. ನಮ್ಮ ಕೆಲಸದಲ್ಲಿ ಯಾವುದನ್ನಾದರೂ ಹೊಸದಾಗಿ ಸೇರಿಸುವ ಮೊದಲು, ಬೇಡವಾದಾಗ ಇದನ್ನು ತೆಗೆಯುವುದು ಹೇಗೆ ಎಂದು ಕೇಳಿಕೊಳ್ಳುತ್ತೇವೆ. ಅದಕ್ಕೆ ಉತ್ತರ ಇಲ್ಲದಿದ್ದರೆ ಸೇರಿಸುವುದಿಲ್ಲ. ಆ ಪ್ರಶ್ನೆಯನ್ನು ನಾನು ಒಂಬತ್ತನೇ ತರಗತಿಯಲ್ಲಿ ತೋಡಿನ ದಡದಲ್ಲಿ ಕೇಳಿಕೊಂಡಿರಲಿಲ್ಲ. ನೀವು ಕೇಳಿಕೊಳ್ಳಿ.

ಬೇಲಿಗೆ ಹಳದಿಯೇ ಬೇಕೆಂದರೆ ಹುಚ್ಚೆಳ್ಳು ಬಿತ್ತಿ. ಅದೂ ಇದೇ ಕುಟುಂಬ, ಜೇನಿಗೂ ಇಷ್ಟ. ಒಂದೇ ಹಂಗಾಮಿನ ಬೆಳೆ, ಕೊನೆಗೆ ಚಟ್ನಿ ಪುಡಿಯೂ ಸಿಗುತ್ತದೆ. ಬೀಜ ಬರುವ ಮಳೆಗಾಲದೊಳಗೆ ತಂದುಕೊಡುವುದು ನನ್ನ ಹೊಣೆ. ಉಳಿದ ಗಿಡಗಳ ಬಗ್ಗೆ ಕೇಳಲು ದೂರ ಹೋಗಬೇಕಾಗಿಲ್ಲ. ಕಾಫಿ ಸಂಶೋಧನಾ ಉಪಕೇಂದ್ರ, ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಎರಡೂ ನಮ್ಮ ಚೆಟ್ಟಳ್ಳಿಯಲ್ಲೇ ಇವೆ. ಮೇಷ್ಟ್ರ ಜೊತೆ ಹೋಗಿ ಕೇಳಿ.

ಗೆಳೆಯರೇ, ಬೇಲಿಯ ಆಚೆ ಮೂಲೆಯಲ್ಲಿ ಇದರ ಐದಾರು ಬುಡ ಈಗಾಗಲೇ ಇರುವುದನ್ನು ಬೆಳಿಗ್ಗೆ ನೋಡಿದೆ. ಇನ್ನೂ ಬೀಜ ಕಟ್ಟಿಲ್ಲ. ಊಟವಾದ ಮೇಲೆ ಅರ್ಧ ಗಂಟೆ ಸಿಕ್ಕಿದರೆ ಸಾಕು, ಕತ್ತಿ ನನ್ನ ಕಾರಿನಲ್ಲಿದೆ. ಈ ಹೂದಾನಿ ಸಂಜೆಯವರೆಗೆ ಇಲ್ಲೇ ಇರಲಿ. ಮಕ್ಕಳು ಪ್ರೀತಿಯಿಂದ ಜೋಡಿಸಿದ್ದು. ಆಮೇಲೆ ಮಾತ್ರ ಹೊರಗೆ ಬಿಸಾಡಬೇಡಿ, ಒಣಗಿಸಿ ಸುಡಿ.